ಮೊದಲು ಪ್ಲಗ್ ಪಾಯಿಂಟ್, ಆಮೇಲೆ ಕಾರು

ಎಲೆಕ್ಟ್ರಿಕ್ ಕಾರಿನೊಂದಿಗೆ ನೆಮ್ಮದಿಯಾಗಿರುತ್ತೀರೋ ಪರದಾಡುತ್ತೀರೋ ಎನ್ನುವುದು ತೀರ್ಮಾನವಾಗುವುದು ಶೋರೂಮಿನಲ್ಲಲ್ಲ, ನೀವು ಗಾಡಿ ನಿಲ್ಲಿಸುವ ಜಾಗದಲ್ಲಿ.

1. ರಾತ್ರಿ ಕಾರು ನಿಲ್ಲುವಲ್ಲಿ ಕರೆಂಟ್ ಇದೆಯೇ ನೋಡಿ. ಗೀಸರ್‌ಗೆ ಹಾಕಿಸುವಂಥ 16 ಆಂಪಿಯರ್ ಸಾಕೆಟ್ ಸಾಕು. ಗಂಟೆಗೆ ಸುಮಾರು 3 ಯುನಿಟ್ ಎಳೆಯುತ್ತದೆ. 30 ಯುನಿಟ್ ಬ್ಯಾಟರಿ ಪೂರ್ತಿ ತುಂಬಲು 10 ಗಂಟೆ ಬೇಕು ನಿಜ, ಆದರೆ ದಿನಾ ಖಾಲಿ ಮಾಡುವವರು ಯಾರು? 40 ಕಿ.ಮೀ. ಓಡಾಡುವವರಿಗೆ ಎರಡು-ಎರಡೂವರೆ ಗಂಟೆ ಧಾರಾಳ.

2. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಪರೀಕ್ಷಿಸಿ. ಅದು ಸರಿಯಿಲ್ಲದಿದ್ದರೆ ಎಷ್ಟೋ ಕಾರುಗಳು ಚಾರ್ಜ್ ಆಗುವುದೇ ಇಲ್ಲ. ಗೀಸರ್ ಅರ್ಧ ಗಂಟೆ ಓಡಿ ನಿಲ್ಲುತ್ತದೆ, ಕಾರು ತಾಸುಗಟ್ಟಲೆ ಎಳೆಯುತ್ತಲೇ ಇರುತ್ತದೆ. ತೆಳು ವೈರು, ಸಡಿಲ ಸಾಕೆಟ್ ಕಾದು ಕರಗುತ್ತವೆ. ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ. 7 ಕಿಲೋವಾಟ್ ಚಾರ್ಜರ್ ಹಾಕಿಸುವುದಾದರೆ ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. ಕಡಿಮೆಯಿದ್ದರೆ ಮೊದಲು ಅದನ್ನು ಹೆಚ್ಚಿಸಿಕೊಳ್ಳಿ.

3. ಅಪಾರ್ಟ್‌ಮೆಂಟಿನವರು ಬುಕಿಂಗ್‌ಗೆ ಮುನ್ನ ಅಸೋಸಿಯೇಷನ್ನಿನ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ನಿಮ್ಮ ಮೀಟರಿನಿಂದಲೇ ಕೇಬಲ್ ಎಳೆಸಿದರೆ ಮುಂದೆ ಲೆಕ್ಕದ ಜಗಳವಿಲ್ಲ.

4. ಕಂಪನಿ ಹೇಳುವ ರೇಂಜಿನಲ್ಲಿ ಮುಕ್ಕಾಲು ಭಾಗ ನಂಬಿ. ಹೆದ್ದಾರಿಯಲ್ಲಿ ನೂರು ದಾಟಿಸಿದರೆ ಅದೂ ಸಿಗುವುದಿಲ್ಲ.

5. ಘಾಟಿಯ ಲೆಕ್ಕವೇ ಬೇರೆ. ಶಿರಾಡಿ ಇಳಿಯುವಾಗ ಮೋಟಾರೇ ಜನರೇಟರ್ ಆಗಿ ಬ್ಯಾಟರಿಗೆ ಒಂದಿಷ್ಟು ವಾಪಸ್ ತುಂಬುತ್ತದೆ. ಮಂಗಳೂರಿನಿಂದ ಹತ್ತಿ ಬರುವಾಗ ಅದಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಇನ್ನೊಂದು ಮುಖ್ಯ ಮಾತು: ಮಡಿಕೇರಿಯಲ್ಲಿ ತಂಗಿದ್ದು ಬೆಳಿಗ್ಗೆ ಸಂಪಾಜೆಯತ್ತ ಇಳಿಯುವುದಿದ್ದರೆ ನೂರಕ್ಕೆ ನೂರು ಚಾರ್ಜ್ ಮಾಡಬೇಡಿ. ತುಂಬಿದ ಬ್ಯಾಟರಿಯಲ್ಲಿ ವಾಪಸ್ ಬರುವ ಕರೆಂಟಿಗೆ ಜಾಗವಿರುವುದಿಲ್ಲ. ಮೋಟಾರಿನ ಹಿಡಿತ ಕಡಿಮೆಯಾಗಿ, ತಿರುವು ತಿರುವಿಗೂ ಬ್ರೇಕನ್ನೇ ಒತ್ತಬೇಕಾಗುತ್ತದೆ. 85-90ಕ್ಕೆ ನಿಲ್ಲಿಸಿ.

6. ದಾರಿಯ ಫಾಸ್ಟ್ ಚಾರ್ಜರ್‌ನಲ್ಲಿ 80 ಆದೊಡನೆ ಹೊರಡಿ. ಅಲ್ಲಿಂದಾಚೆ ವೇಗ ಕುಸಿಯುತ್ತದೆ, ಹಿಂದೆ ಇನ್ನೊಬ್ಬರು ಕಾಯುತ್ತಿರುತ್ತಾರೆ. ಯುನಿಟ್ ದರವೂ ಮನೆಗಿಂತ ಬಹಳ ದುಬಾರಿ. ಬೆಸ್ಕಾಂನ ಇವಿ ಮಿತ್ರ ಸೇರಿ ಎರಡು-ಮೂರು ಆ್ಯಪ್‌ಗಳನ್ನು ಹೊರಡುವ ಮುನ್ನವೇ ಹಾಕಿ, ಹಣ ತುಂಬಿಡಿ. ಕಾಡಿನ ದಾರಿಯಲ್ಲಿ ನೆಟ್‌ವರ್ಕ್ ಸಿಗದೆ ಒಟಿಪಿ ಬರುವುದಿಲ್ಲ.

7. ಮನೆಯಲ್ಲೂ ಕಚೇರಿಯಲ್ಲೂ ಪ್ಲಗ್ ಇಲ್ಲವೇ? ಕಾರು ಸದ್ಯಕ್ಕೆ ಬೇಡ. ಬ್ಯಾಟರಿ ಬಿಚ್ಚಿ ಮನೆಯೊಳಗೆ ಒಯ್ಯಬಹುದಾದ ಸ್ಕೂಟರ್ ನೋಡಿ.