ಠರಾವು ಓದುವ ತನಕ ಏಳಬೇಡ

ತಮ್ಮಾ, ಮಳೆಗೆ ಸೋಯಾಬೀನ್ ಕೊಳೆತ ಮೇಲೆ ಊರಲ್ಲಿ ಗ್ರಾಮಸಭೆಗೆ ದವಂಡಿ ಕೂಗಿಸಿದ್ದರಂತೆ, ನೀನು ಹೋಗಲಿಲ್ಲವಂತೆ. "ಅಲ್ಲಿ ಹೋಗಿ ಏನ್ ಮಾಡಾದು ಕಾಕಾ, ಸರಪಂಚ ಹೇಳಿದ್ದೇ ಆಗ್ತದ" ಅಂದೆಯಂತೆ. ಬೇರೆ ಸೀಮೆಯ ಹುಡುಗ ಹಾಗೆ ಅಂದಿದ್ದರೆ ಸುಮ್ಮನಿರುತ್ತಿದ್ದೆ. ತುರೋರಿಯವನು ಹಾಗೆ ಅನ್ನಬಾರದು. ಆಪತ್ತಿನ ನಂತರದ ಒಂದು ಸಭೆ ಇಡೀ ಊರನ್ನು ಮೂವತ್ತು ವರ್ಷ ಎಲ್ಲಿ, ಹೇಗೆ ಕೂರಿಸುತ್ತದೆ ಎಂಬುದನ್ನು ನೋಡಬೇಕೆಂದರೆ ನಾವು ದೂರ ಹೋಗಬೇಕಾಗಿಲ್ಲ. ಸಾಸ್ತೂರು, ಕಿಲ್ಲಾರಿಯ ಕಡೆ ಒಮ್ಮೆ ಗಾಡಿ ತಿರುಗಿಸಿದರೆ ಸಾಕು.

1993ರ ಸೆಪ್ಟೆಂಬರ್ 30. ಗಣಪತಿ ಕಳಿಸಿ ದಣಿದು ಮಲಗಿದ್ದ ಊರುಗಳು, ಹೊತ್ತು ಇನ್ನೂ ನಸುಕಿನ ನಾಲ್ಕು ಹೊಡೆದಿರಲಿಲ್ಲ. ಆಗ ಸಾಸ್ತೂರು ನಮ್ಮ ಉಮರ್ಗಾ ತಾಲೂಕಿನಲ್ಲೇ ಇತ್ತು. ಲೋಹಾರಾ ಬೇರೆ ತಾಲೂಕಾದದ್ದು ಆಮೇಲೆ. ಭೂಕಂಪಕ್ಕೆ ಸುಮಾರು 10,000 ಜನ ಸತ್ತರು. ಭೂಮಿ ನಡುಗಿದ್ದಕ್ಕಿಂತ ಮನೆಗಳು ಕೊಂದದ್ದೇ ಹೆಚ್ಚು. ಎರಡು ಮೂರು ಅಡಿ ದಪ್ಪದ ಕಲ್ಲಿನ ಗೋಡೆ, ಕಲ್ಲಿಗೂ ಕಲ್ಲಿಗೂ ನಡುವೆ ಬರೀ ಕೆಸರು, ತಲೆ ಮೇಲೆ ಮಣ್ಣಿನ ಮಾಳಿಗೆ. ಮಳೆಗಾಲ ಬಂದಾಗಲೆಲ್ಲ ಸೋರದಿರಲಿ ಎಂದು ಅದರ ಮೇಲೆ ಇನ್ನಷ್ಟು ಮಣ್ಣು. ಆ ಭಾರವೇ ಮಲಗಿದವರ ಮೇಲೆ ಕುಸಿಯಿತು.

ಅದಾದ ಮೇಲೆ ಸರ್ಕಾರ ವಿಶ್ವಬ್ಯಾಂಕಿನ ಸಾಲ ತಂದು ದೊಡ್ಡ ಕೆಲಸ ಹಿಡಿಯಿತು. ಪೂರ್ತಿ ನೆಲಸಮವಾದ 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟುವುದು, ಉಳಿದ ಸಾವಿರಾರು ಹಳ್ಳಿಗಳಲ್ಲಿ ಬಿರುಕು ಬಿಟ್ಟ ಮನೆಗಳನ್ನು ಇದ್ದಲ್ಲೇ ದುರಸ್ತಿ ಮಾಡಿ ಗಟ್ಟಿಗೊಳಿಸುವುದು. ಊರವರನ್ನು ಕೇಳಲೇ ಇಲ್ಲ ಎಂದು ಹೇಳುವವರಿದ್ದಾರೆ, ಅದು ಸುಳ್ಳು. ಸಭೆಗಳಾದವು, ಒಪ್ಪಿಗೆ ತೆಗೆದುಕೊಂಡರು. ಆದರೆ ಯಾವಾಗ ಕೇಳಿದರು, ಯಾರನ್ನು ಕೇಳಿದರು, ಹೇಗೆ ಕೇಳಿದರು ಅನ್ನುವುದರಲ್ಲಿ ಎಲ್ಲ ಇದೆ. ಹೆಣ ಸುಟ್ಟ ಹೊಗೆ ಇನ್ನೂ ಮೂಗಿನಲ್ಲಿರುವಾಗ, ಪತ್ರಾದ ಶೆಡ್ಡಿನಲ್ಲಿ ಕೂತು ರಾತ್ರಿ ಸಣ್ಣ ಸದ್ದಿಗೂ ಎದ್ದು ಓಡುವಾಗ, "ಹಳೇ ಊರು ಬೇಕೋ, ಹೊಸ ಜಾಗ ಬೇಕೋ" ಎಂದರೆ ಯಾರು ಹಳೇದು ಬೇಕೆಂದಾರು? ಕಲ್ಲನ್ನು ಕಂಡರೇ ಭಯ. ಸಿಮೆಂಟು ಬೇಕು, ದೂರ ಬೇಕು ಎಂದರು.

ಹೊಸ ಊರುಗಳು ಎದ್ದವು. ಅಗಲವಾದ ನೇರ ರಸ್ತೆ, ಸಾಲು ಸಾಲು ಮನೆ, ಮನೆಗೂ ಮನೆಗೂ ನಡುವೆ ಬಯಲು. ಪಟ್ಟಣದ ನಕ್ಷೆ ಹಳ್ಳಿಗೆ ತಂದು ಹಾಸಿದ್ದರು. ಹಳೇ ಊರಲ್ಲಿ ಗಲ್ಲಿಗೆ ಗಲ್ಲಿ ಅಂಟಿಕೊಂಡಿತ್ತು, ಕಟ್ಟೆಗೆ ಕೂತ ಅತ್ತೆ ಎದುರು ಮನೆಯ ಸೊಸೆಗೆ ಕೂತಲ್ಲಿಂದಲೇ ಕೂಗು ಹಾಕಬಹುದಿತ್ತು. ಹೊಸ ಊರಲ್ಲಿ ನೆರೆಮನೆಯೆಂಬುದೇ ದೂರ, ಹೊಲ ಅದಕ್ಕಿಂತ ದೂರ. ದನ ಕಟ್ಟಲು, ಕಣಜ ಇಡಲು ಜಾಗವಿಲ್ಲದೆ ಜನ ಸಿಮೆಂಟಿನ ಮನೆಯ ಪಕ್ಕ ತಾವೇ ಪತ್ರಾ ಎಳೆದುಕೊಂಡರು. ಇದೆಲ್ಲ ಸಭೆಯಲ್ಲಿ ಕೇಳಬಹುದಾಗಿದ್ದ ಮಾತು. ಎತ್ತು ಎಲ್ಲಿ ಕಟ್ಟೋದು ಎಂಬ ಪ್ರಶ್ನೆಗೆ ಎಂಜಿನಿಯರಿಂಗ್ ಓದಬೇಕಾಗಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಹೊಸ ಮನೆಯ ಅಳತೆಯನ್ನು ಹೊಲದ ಅಳತೆಗೆ ಕಟ್ಟಿದರು. ಭೂಮಿ ಇಲ್ಲದವರಿಗೆ ಮತ್ತು 1 ಹೆಕ್ಟೇರ್ ಒಳಗಿನವರಿಗೆ 250 ಚದರ ಅಡಿ, 7 ಹೆಕ್ಟೇರ್ ತನಕ ಇದ್ದವರಿಗೆ 400, ಅದಕ್ಕೂ ಮೇಲಿನವರಿಗೆ 750. ಭೂಮಿ ಕಂಪಿಸುವಾಗ ಹೊಲದ ಸಾತ್-ಬಾರಾ ಉತಾರೆ ನೋಡಿ ಕಂಪಿಸಿತ್ತೇ? ಕೂಲಿಯವನ ಮನೆಯಲ್ಲೂ ಆರು ಜನರೇ ಇರುತ್ತಾರೆ. ದೊಡ್ಡ ಒಕ್ಕಲಿಗೆ ಧಾನ್ಯ, ಬಣವೆ, ಎತ್ತು ಇರುತ್ತವೆ, ದೊಡ್ಡ ಮನೆ ಬೇಕು ಎಂಬ ವಾದ ನನಗೂ ಗೊತ್ತು. ಆ ವಾದ ಮಾಡಲು ಸಭೆಯ ಮುಂದಿನ ಸಾಲಿನಲ್ಲಿ ಜನರಿದ್ದರು. ಎದುರು ವಾದ ಮಾಡಬೇಕಾದವರು ಹಿಂದೆ, ಗೋಡೆಗೆ ಒರಗಿ ನಿಂತಿದ್ದರು.

ಆದರೆ ಅದೇ ಕಾಲದ ಇನ್ನೊಂದು ಕೆಲಸವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ದುರಸ್ತಿಯ ಹಳ್ಳಿಗಳಲ್ಲಿ ಊರವರಿಗೂ ಸರ್ಕಾರಕ್ಕೂ ನಡುವೆ ಕೊಂಡಿಯಾಗಿರಲೆಂದು ಊರಿನ ಹೆಂಗಸರನ್ನೇ ನೇಮಿಸಿದರು. ಸಂವಾದ ಸಹಾಯಕ ಎಂಬುದು ಅವರ ಹುದ್ದೆಯ ಹೆಸರು. ಪ್ರೇಮಾ ಗೋಪಾಲನ್ ಅವರ ಸ್ವಯಂ ಶಿಕ್ಷಣ ಪ್ರಯೋಗ ಸಂಸ್ಥೆ ಅವರ ಬೆನ್ನಿಗಿತ್ತು. ಸೆರಗು ಸರಿಮಾಡಿಕೊಂಡು ಮೂಲೆಯಲ್ಲಿ ಕೂರುತ್ತಿದ್ದವರು ಗೋಡೆಯ ಎರಡು ಪದರನ್ನು ಹಿಡಿದಿಡಲು ಅಡ್ಡಗಲ್ಲು ಯಾಕೆ ಬೇಕು, ಮಾಳಿಗೆಯ ಮಣ್ಣು ಯಾಕೆ ಇಳಿಸಬೇಕು ಎಂದು ಸಭೆಯಲ್ಲಿ ತಿಳಿಸಿ ಹೇಳಿದರು, ಗವಂಡಿಯ ಕೆಲಸದ ಮೇಲೆ ಕಣ್ಣಿಟ್ಟರು. 2001ರಲ್ಲಿ ಕಚ್ಛದಲ್ಲಿ ಭೂಕಂಪವಾದಾಗ ಲಾತೂರು, ಉಸ್ಮಾನಾಬಾದ್ ಕಡೆಯ ಹೆಂಗಸರು ಅಲ್ಲಿಗೆ ಹೋಗಿ ಅಲ್ಲಿನವರ ಜೊತೆ ಕೂತು ಮಾತಾಡಿದರು. ನಮ್ಮ ಸೀಮೆ ಹೊರಗೆ ಕಳಿಸಿದ ಒಳ್ಳೆಯ ಸರಕು ತೊಗರಿಬೇಳೆ ಒಂದೇ ಎಂದುಕೊಳ್ಳಬೇಡ.

ಗಡಿಯ ಆಚೆಗೂ ನೋಡು. 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ 'ಆಸರೆ' ಮನೆಗಳನ್ನು ಕಟ್ಟಿದರು. ದಾನಿಗಳು ಕೊಟ್ಟರು, ಗೋಡೆ ನಿಂತವು, ಎಷ್ಟೋ ಕಡೆ ಜನ ಮಾತ್ರ ಹೋಗಲಿಲ್ಲ. ಹೊಳೆದಂಡೆಯ ಹೊಲ ಬಿಟ್ಟು ಅಷ್ಟು ದೂರ ಹೇಗೆ ಬರ್ತೀರಿ ಎಂದು ಮೊದಲೇ ಕೇಳಿದ್ದರೆ ಆ ಮನೆಗಳ ಬಾಗಿಲಿಗೆ ಜಾಲಿ ಬೆಳೆಯುತ್ತಿರಲಿಲ್ಲ.

ಈಗ ನಿನ್ನ ಸಭೆಗೆ ಬರೋಣ. 2025ರ ಸೆಪ್ಟೆಂಬರಿನ ಮಳೆ ಮರಾಠವಾಡದ ಹೊಲಗಳನ್ನು ಹೇಗೆ ಮಾಡಿತೆಂದು ನಿನಗೆ ಹೇಳಬೇಕಾಗಿಲ್ಲ. ಅಂಥ ಮಳೆಯ ನಂತರ ತಲಾಠಿ, ಗ್ರಾಮಸೇವಕ, ಕೃಷಿ ಸಹಾಯಕ ಬಂದು ಪಂಚನಾಮೆ ಮಾಡುತ್ತಾರೆ. ಬೆಳೆ ಶೇ. 33 ಅಥವಾ ಅದಕ್ಕಿಂತ ಹೆಚ್ಚು ಹೋದರೆ ಮಾತ್ರ ಪರಿಹಾರ. ಹಾಗಾಗಿ ಇಡೀ ಗುದ್ದಾಟ ಇರುವುದು ಪರಿಹಾರದ ಯಾದಿಯಲ್ಲಿ. ಯಾದಿಯನ್ನು ಸಭೆಯಲ್ಲಿ ಜೋರಾಗಿ ಓದಿಸು, ಪಂಚಾಯಿತಿಯ ಹಲಗೆಗೆ ಹಚ್ಚಿಸು. ಓದುವಾಗ ಯಾರ ಹೆಸರಿದೆ ಎಂದು ಎಲ್ಲರೂ ಕೇಳುತ್ತಾರೆ, ನೀನು ಇಲ್ಲದವರನ್ನು ಹುಡುಕು. ಬಟಾಯಿಗೆ ಹೊಲ ಮಾಡಿದವನು ಇರುವುದಿಲ್ಲ, ಹಣ ಉತಾರೆಯಲ್ಲಿ ಹೆಸರಿದ್ದ ಧಣಿಯ ಖಾತೆಗೆ ಹೋಗುತ್ತದೆ. ಗಂಡ ಸತ್ತರೂ ಉತಾರೆಗೆ ಹೆಸರು ಏರದ ಹೆಣ್ಣುಮಗಳು ಇರುವುದಿಲ್ಲ. ರಾಶಿಯ ಕಾಲದ ಕೂಲಿಯನ್ನೇ ನಂಬಿದವರಂತೂ ಯಾವ ಯಾದಿಗೂ ಸೇರಿದವರಲ್ಲ.

ಎದ್ದು ನಿಂತರೆ ಒಂದೇ ಮಾತು ಹೇಳು. ಗಟ್ ನಂಬರ್ ಸಮೇತ ಹೇಳು: ಇಂಥ ಹೊಲದ ಬದುವು ಒಡೆದಿದೆ, ಪಂಚನಾಮೆಗೆ ಯಾರು ಬರುತ್ತಾರೆ, ಯಾವ ತಾರೀಖಿಗೆ? ಮೊದಲ ಮಾತಿಗೇ ತಲಾಠಿಯನ್ನು ಬೈಯಬೇಡ. ಅವನ ಸಜ್ಜಾಕ್ಕೆ ಇನ್ನೂ ಊರುಗಳಿರುತ್ತವೆ, ಬೈದರೆ ಅವನು ಬೈಗುಳಕ್ಕೆ ಉತ್ತರ ಕೊಟ್ಟು ಎದ್ದು ಹೋಗುತ್ತಾನೆ, ಪ್ರಶ್ನೆ ಅಲ್ಲೇ ಉಳಿಯುತ್ತದೆ. ಆಮದಾರರ ಗುಣಗಾನವೂ ಬೇಡ. ಅದಕ್ಕೆ ಬೇರೆ ವೇದಿಕೆಗಳಿವೆ, ಹಾರಗಳೂ ಇವೆ.

ಸಭೆ ಎಲ್ಲಿ, ಎಷ್ಟು ಹೊತ್ತಿಗೆ ಎಂಬುದನ್ನು ಸಣ್ಣ ಮಾತೆಂದು ಬಿಡಬೇಡ. ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಕೂಲಿಗೆ ಹೋದವರು ಬರಲಾರರು. ಗುಡಿಯ ಕಟ್ಟೆಯ ಮೇಲೆ ಕರೆದರೆ ಕೆಲವರು ಕಟ್ಟೆಯ ಕೆಳಗೇ ನಿಲ್ಲುತ್ತಾರೆ. ಶಾಲೆಯ ಅಂಗಳ ಕೇಳು. ಮಹಾರಾಷ್ಟ್ರದ ಕಾನೂನಿನಲ್ಲಿ ನಿಯಮಿತ ಗ್ರಾಮಸಭೆಗೆ ಮೊದಲು ಮಹಿಳೆಯರ ಸಭೆ ನಡೆಯಲೇಬೇಕು. ಅದು ಕಾಗದದ ಮೇಲೆ ಮಾತ್ರ ನಡೆಯುವ ಊರುಗಳಿವೆ. ನಿನ್ನ ಅವ್ವ, ಸಣ್ಣವ್ವ ಅಲ್ಲಿಗೆ ಹೋದರೋ ಬರೀ ಸಹಿ ಹೋಯಿತೋ ಕೇಳಿ ನೋಡು.

ನಮ್ಮ ಗಡಿಯ ಊರುಗಳಿಗೆ ಇನ್ನೊಂದು ತೊಡಕಿದೆ. ಸಭೆಯ ವಹಿ ಮರಾಠಿಯಲ್ಲಿ, ಅವ್ವಂದಿರ ಸಂಕಟ ಕನ್ನಡದಲ್ಲಿ. ಬಜಾರಿನಲ್ಲಿ ಸಲೀಸಾಗಿ ಮರಾಠಿ ಆಡುವ ಮುದುಕಿಯೂ ಸಾಹೇಬರ ಮುಂದೆ ತಡವರಿಸಿ ಕೂತುಬಿಡುತ್ತಾಳೆ. ನೀನು ಎರಡೂ ಬಲ್ಲವನು. ಆಯಿ, ನೀ ಕನ್ನಡದಾಗೇ ಹೇಳು ಎನ್ನು. ಅವಳು ಹೇಳಿದ್ದನ್ನು ಮರಾಠಿಯಲ್ಲಿ ಹೇಳು, ನಿನ್ನದೇನನ್ನೂ ಸೇರಿಸಬೇಡ. ಬರೆದುಕೊಂಡ ಠರಾವನ್ನು ಓದಿಸಿ ಮತ್ತೆ ಕನ್ನಡದಲ್ಲಿ ಅವಳಿಗೆ ಹೇಳು. ಎರಡು ತಾಸು ಆಡಿದ ಮಾತು ವಹಿಯಲ್ಲಿ "ಚರ್ಚೆ ಆಯಿತು" ಎಂಬ ಒಂದು ಸಾಲಾಗಿ ಮುಗಿದುಹೋಗುವುದುಂಟು. ಅದಕ್ಕೇ ಖಾಲಿ ಪುಟಕ್ಕೆ ಸಹಿ ಹಾಕಬೇಡ, ಓದಿ ಮುಗಿಸುವ ತನಕ ಏಳಬೇಡ, ಮಾರನೇ ದಿನ ಅರ್ಜಿ ಕೊಟ್ಟು ನಕಲು ಪಡೆ.

ಕೊನೆಗೊಂದು. ಗ್ರಾಮಸಭೆಯ ಕೋರಂ ಎಂದರೆ ಮತದಾರರಲ್ಲಿ ಶೇ. 15 ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು. ಅಷ್ಟು ಬಾರದಿದ್ದರೆ ಸಭೆ ತಹಕೂಬ್, ಮುಂದಕ್ಕೆ ಹೋಗುತ್ತದೆ. ಮುಂದಕ್ಕೆ ಹೋದ ಸಭೆಗೆ ಕೋರಂ ಬೇಕಾಗಿಲ್ಲ, ಹತ್ತು ಜನ ಕೂತು ಮಾಡಿದ ಠರಾವೂ ಊರಿನ ಠರಾವೇ. ಮೊದಲ ಸಭೆ ಮುರಿಯಿತೆಂದು ಮನೆಗೆ ಬಂದು ಮಲಗಬೇಡ, ಎರಡನೇದು ಯಾವಾಗ ಎಂದು ಕೇಳಿಕೊಂಡೇ ಬಾ. ಅದಕ್ಕೂ ಹೋಗು.