ಶಿಕ್ಷಕರ ಸಂಬಳದ ನ್ಯಾಯವಾದ ಶ್ರೇಣಿ: ಒಂದು ಅಭ್ಯಾಸಪಾಠ

ಸಂಬಳದ ಮಾತನ್ನು ಶಾಲೆಯೊಳಗೆ ಆಡುವುದು ಸಭ್ಯತೆಯಲ್ಲವೆಂದು ನಮ್ಮಲ್ಲಿ ಅನೇಕರು ಎಣಿಸುತ್ತಾರೆ. ವಿದ್ಯಾದಾನವು ದಾನಗಳಲ್ಲಿ ಶ್ರೇಷ್ಠವೆಂದು ಹೊಗಳುವವರು, ಆ ದಾನವನ್ನು ದಿನವೂ ಮಾಡುವವಳ ಮನೆಯಲ್ಲಿ ಒಲೆ ಹೇಗೆ ಉರಿಯುವದೆಂದು ಕೇಳುವದಿಲ್ಲ. ಆದರೆ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿತವರಲ್ಲಿ ಎಷ್ಟೋ ಮಂದಿ ಮುಂದೆ ಶಿಕ್ಷಕಿಯರೇ ಆಗುವರು. ಆದುದರಿಂದ ನ್ಯಾಯವಾದ ಸಂಬಳದ ಶ್ರೇಣಿಯನ್ನು ಕಟ್ಟುವ ಬಗೆಯನ್ನು ನಾವು ಇಲ್ಲಿ ಒಂದು ಲೆಕ್ಕದ ಪಾಠದಂತೆ ವಿಚಾರಿಸೋಣ.

ದೃಷ್ಟಾಂತಕ್ಕಾಗಿ ಬೀಳಗಿ ತಾಲೂಕಿನ ಬಾಡಗಂಡಿಯನ್ನೂ, ಅದರ ನೆರೆಯ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಗಳ ಸೀಮೆಯನ್ನೂ ತೆಗೆದುಕೊಳ್ಳುವೆವು. ೧೯೪೮ಕ್ಕೆ ಮೊದಲು ಇಷ್ಟೇ ನೆಲದ ಮೇಲೆ ನಾಲ್ಕು ಆಳಿಕೆಗಳಿದ್ದವು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದರು. ರಬಕವಿಯು ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಬೀಳಗಿಯ ಭಾಗವು ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಯಲ್ಲಿತ್ತು. ಶಾಲೆಗಳ ನಡುವೆ ಕೆಲವೇ ಹರದಾರಿಗಳ ಅಂತರವಿದ್ದರೂ ಖಜಾನೆಗಳು ಬೇರೆ ಬೇರೆ. ಸಂಸ್ಥಾನಗಳು ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ೧೯೫೬ರಲ್ಲಿ ಸೀಮೆಯೆಲ್ಲವೂ ಇಂದಿನ ಕರ್ನಾಟಕಕ್ಕೆ ಸೇರಿತು. ಈಗ ಸರಕಾರಿ ಶಾಲೆಗಳ ಖಜಾನೆಯು ಒಂದೇ. ಖಜಾನೆಯು ಒಂದಾದ ಮಾತ್ರಕ್ಕೆ ಅಳತೆಗೋಲೂ ಒಂದಾಯಿತೋ ಎಂಬುದೇ ನಮ್ಮ ಪ್ರಶ್ನೆ.

ಶ್ರೇಣಿಯೆಂದರೆ ಏಣಿ. ಅದರ ಮೆಟ್ಟಿಲುಗಳು ಮೇಲೆ ಕೆಳಗೆ ಇರಲೇಬೇಕು. ಎಲ್ಲರಿಗೂ ಒಂದೇ ಸಂಬಳವೆಂಬುದು ನ್ಯಾಯವಲ್ಲ. ಆದರೆ ಎರಡು ಮೆಟ್ಟಿಲುಗಳ ನಡುವಿನ ಅಂತರಕ್ಕೆ ಒಂದು ಕಾರಣವಿರಬೇಕು; ಆ ಕಾರಣವನ್ನು ಕಡಿಮೆ ಪಡೆಯುವವಳ ಮುಖವನ್ನು ನೋಡಿ ಹೇಳುವಂತಿರಬೇಕು. ಈ ಒಂದು ಸೂತ್ರವನ್ನು ಕೈಯಲ್ಲಿ ಹಿಡಿದು ಮೆಟ್ಟಿಲುಗಳನ್ನು ಒಂದೊಂದಾಗಿ ಪರೀಕ್ಷಿಸೋಣ.

೧. ಮೊದಲನೆಯ ಮೆಟ್ಟಿಲು. ಹೊಸದಾಗಿ ಸೇರಿದ ಶಿಕ್ಷಕಿಯು ಸಾಲವಿಲ್ಲದೆ ಮನೆ ನಡೆಸುವಷ್ಟು ಸಂಬಳವೇ ಏಣಿಯ ಬುಡವಾಗಬೇಕು. ಧಾನ್ಯದ ಬೆಲೆ ಏರಿದಂತೆ ಬುಡವೂ ಏರಬೇಕು. ತುಟ್ಟಿಭತ್ಯದ ಉದ್ದೇಶವು ಇದೇ.

೨. ಯೋಗ್ಯತೆ. ಹೆಚ್ಚು ಓದಿ ತರಬೇತಿ ಪಡೆದವರಿಗೆ ಹೆಚ್ಚು ಕೊಡುವದು ಯುಕ್ತ. ಆದರೆ ಚಿಕ್ಕ ಮಕ್ಕಳಿಗೆ ಕಲಿಸುವದು ಚಿಕ್ಕ ಕೆಲಸವೆಂದು ಎಣಿಸಬಾರದು. ಅಮೇರಿಕೆಯ ಡೆನ್ವರ್ ಮತ್ತು ಡಿ ಮೊಯಿನ್ ಪಟ್ಟಣಗಳು ೧೯೨೧ರಲ್ಲಿ, ತರಗತಿಯು ಯಾವುದೆಂದು ನೋಡದೆ, ಶಿಕ್ಷಕರ ಓದನ್ನೂ ಅನುಭವವನ್ನೂ ಮಾತ್ರ ನೋಡುವ ಒಂದೇ ಶ್ರೇಣಿಯನ್ನು ಗೊತ್ತುಮಾಡಿದವು. ಇದರಿಂದ ಪ್ರಾಥಮಿಕ ಶಾಲೆಗಳಲ್ಲಿ ದುಡಿಯುತ್ತಿದ್ದ ಸ್ತ್ರೀಯರಿಗೆ ವಿಶೇಷ ಪ್ರಯೋಜನವಾಯಿತು.

೩. ಅನುಭವ. ವರ್ಷಕ್ಕೊಮ್ಮೆ ಬರುವ ಬಡ್ತಿಯು ಶಾಲೆಯನ್ನು ಬಿಡದೆ ನಿಂತವಳಿಗೆ ಸಲ್ಲುವ ಗೌರವ. ೨೦೨೪ನೆಯ ಆಗಸ್ಟ ೧ರಿಂದ ಜಾರಿಗೆ ಬಂದ ಏಳನೆಯ ರಾಜ್ಯ ವೇತನ ಆಯೋಗದ ಏರ್ಪಾಡಿನಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರ ಮೂಲ ಸಂಬಳವು ೪೧,೩೦೦ರಿಂದ ೮೧,೮೦೦ ರೂಪಾಯಿಗಳು. ಪ್ರೌಢಶಾಲೆಯ ಶಿಕ್ಷಕರದು ೫೪,೧೭೫ರಿಂದ ೯೯,೪೦೦. ಏಣಿಯ ತುದಿಯು ಬುಡದ ಸುಮಾರು ಇಮ್ಮಡಿ. ಇದು ಒಪ್ಪತಕ್ಕ ಏರ್ಪಾಡೇ.

೪. ಸ್ಥಳ. ಅದೇ ಏರ್ಪಾಡಿನಲ್ಲಿ ಮನೆ ಬಾಡಿಗೆಯ ಭತ್ಯವು ಬೆಂಗಳೂರಿನಲ್ಲಿ ನೂರಕ್ಕೆ ೨೦, ಹಳ್ಳಿಗಳಲ್ಲಿ ಏಳೂವರೆ. ಏಣಿಯ ಬುಡದಲ್ಲಿರುವ ಪ್ರಾಥಮಿಕ ಶಿಕ್ಷಕಿಗೆ ಅಲ್ಲಿ ೮,೨೬೦ ರೂಪಾಯಿ, ಬಾಡಗಂಡಿಯಂಥ ಊರಿನಲ್ಲಿ ೩,೦೯೭ ರೂಪಾಯಿ ೫೦ ಪೈಸೆ. ಪಟ್ಟಣದ ಬಾಡಿಗೆ ಹೆಚ್ಚೆಂಬುದು ನಿಜವಾದ ಕಾರಣವೇ. ಆದರೆ ಹಳ್ಳಿಯಲ್ಲಿ ಬಾಡಿಗೆಗೆ ಮನೆಯೇ ಸಿಕ್ಕದೆ ದಿನಾಲು ಬಸ್ಸು ಹಿಡಿದು ಬರುವವಳ ವೆಚ್ಚವನ್ನು ಈ ಲೆಕ್ಕವು ಕಾಣದು. ಆದುದರಿಂದ ದೂರದ ಶಾಲೆಗಳಿಗೆ ಒಂದು ಪ್ರತ್ಯೇಕ ಭತ್ಯವನ್ನು ಸೇರಿಸಬೇಕೆಂದು ನಮ್ಮ ಅಭಿಪ್ರಾಯ.

೫. ಫಲ. ಮಕ್ಕಳು ತೇರ್ಗಡೆಯಾದಂತೆ ಸಂಬಳ ಕೊಡಬೇಕೆಂದು ಕೆಲವರು ವಾದಿಸುವರು. ಇಂಗ್ಲಂಡವು ೧೮೬೨ರಲ್ಲಿ ಇದನ್ನೇ ಮಾಡಿನೋಡಿತು. ಇನ್ಸ್‌ಪೆಕ್ಟರರು ಓದು, ಬರಹ, ಲೆಕ್ಕಗಳಲ್ಲಿ ಮಕ್ಕಳನ್ನು ಪರೀಕ್ಷಿಸಿದ ಮೇಲೆಯೇ ಶಾಲೆಗೆ ಹಣ ಬರುತ್ತಿತ್ತು. ಮಕ್ಕಳು ಪಾಠವನ್ನು ಗಿಳಿಯಂತೆ ಒಪ್ಪಿಸುವದನ್ನು ಕಲಿತರು. ಉಳಿದ ವಿಷಯಗಳು ಮೂಲೆಗೆ ಬಿದ್ದವು. ೧೮೯೦ರ ದಶಕದಲ್ಲಿ ಆ ಪದ್ಧತಿಯನ್ನು ಕೈಬಿಡಲಾಯಿತು. ಕಬ್ಬು ಕಡಿಯುವ ಗುಂಪಿನೊಡನೆ ಊರು ಬಿಟ್ಟ ಮಗುವೊಂದು ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ, ಅದಕ್ಕಾಗಿ ಶಿಕ್ಷಕಿಯ ಸಂಬಳವನ್ನು ಮುರಿಯುವದು ಯಾವ ನ್ಯಾಯ?

೬. ಹೆಸರಿನ ಭೇದ. ಇಲ್ಲಿಯೇ ನಮ್ಮ ಸೂತ್ರದ ನಿಜವಾದ ಪರೀಕ್ಷೆ. ಇಂಗ್ಲಂಡದಲ್ಲಿ ೧೯೧೯ರಲ್ಲಿ ನೇಮಿಸಲ್ಪಟ್ಟ ಬರ್ನ್‌ಹ್ಯಾಮ್ ಸಮಿತಿಯ ಶ್ರೇಣಿಗಳಲ್ಲಿ ಸ್ತ್ರೀಯರ ಸಂಬಳವು ಪುರುಷರ ಸಂಬಳದ ಸುಮಾರು ಐದರಲ್ಲಿ ನಾಲ್ಕು ಪಾಲು ಮಾತ್ರವಿತ್ತು. ಸಂಸಾರದ ಭಾರವು ಗಂಡಸಿನ ಮೇಲಿದೆಯೆಂಬುದು ಅದಕ್ಕೆ ಹೇಳುತ್ತಿದ್ದ ನೆವ. ಮುಪ್ಪಿನ ತಾಯಿಯನ್ನು ಸಾಕುವ ಶಿಕ್ಷಕಿಯ ಮುಂದೆ ಆ ಮಾತು ನಿಲ್ಲದು. ಆದರೂ ಆ ಭೇದವು ಪೂರ್ಣವಾಗಿ ಅಳಿಯಲು ೧೯೬೧ರ ವರೆಗೆ ಕಾಯಬೇಕಾಯಿತು. ನಮ್ಮ ಸಂವಿಧಾನದ ೩೯ನೆಯ ವಿಧಿಯು ಸ್ತ್ರೀಪುರುಷರಿಬ್ಬರಿಗೂ ಸಮಾನ ಕೆಲಸಕ್ಕೆ ಸಮಾನ ವೇತನವಿರಬೇಕೆಂದು ರಾಜ್ಯಕ್ಕೆ ದಾರಿ ತೋರಿಸಿದೆ. ನಮ್ಮ ಶ್ರೇಣಿಯಲ್ಲಿ ಆ ಭೇದವಿಲ್ಲ. ಅದರ ಸ್ಥಳದಲ್ಲಿ ಇನ್ನೊಂದು ಭೇದವು ಬಂದು ಕುಳಿತಿದೆ: ಕಾಯಂ ಶಿಕ್ಷಕಿ, ಅತಿಥಿ ಶಿಕ್ಷಕಿ.

ಖಾಲಿಯಾದ ಸ್ಥಾನಗಳಿಗೆ ಅತಿಥಿ ಶಿಕ್ಷಕರನ್ನು ಶಾಲೆ ನಡೆಯುವ ತಿಂಗಳುಗಳ ಮಟ್ಟಿಗೆ ತೆಗೆದುಕೊಳ್ಳುತ್ತಾರೆ. ೨೦೨೫-೨೬ರ ಆಯವ್ಯಯದಲ್ಲಿ ೨,೦೦೦ ರೂಪಾಯಿ ಹೆಚ್ಚಿಸಿದ ಮೇಲೆ ಅವರ ಗೌರವಧನವು ತಿಂಗಳಿಗೆ ಪ್ರಾಥಮಿಕದಲ್ಲಿ ೧೨,೦೦೦, ಪ್ರೌಢಶಾಲೆಯಲ್ಲಿ ೧೨,೫೦೦ ಆಯಿತು. ಈಗ ಲೆಕ್ಕ ಮಾಡೋಣ. ಕಾಯಂ ಪ್ರಾಥಮಿಕ ಶಿಕ್ಷಕಿಯ ಆರಂಭದ ಮೂಲ ಸಂಬಳವನ್ನು ೧೦೦ ಎಂದು ಇಟ್ಟುಕೊಂಡರೆ, ಪ್ರೌಢಶಾಲೆಯ ಶಿಕ್ಷಕಿಯದು ೧೩೧. ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕಿಯದು ೨೯. ಅಂದರೆ ಹೆಚ್ಚಿನ ಪದವಿಗೂ ತರಬೇತಿಗೂ ನಾವು ಕಟ್ಟಿದ ಬೆಲೆ ೩೧. ಕಾಯಂ ಎಂಬ ಒಂದು ಶಬ್ದಕ್ಕೆ ಕಟ್ಟಿದ ಬೆಲೆ ೭೧. ರಾಜ್ಯದ ನೌಕರರಲ್ಲಿ ಅತ್ಯಂತ ಕೆಳಗಿನವನ ಮೂಲ ಸಂಬಳವು ೨೭,೦೦೦ ಇರುವಾಗ, ಅಕ್ಷರ ಕಲಿಸುವವಳಿಗೆ ಅದರ ಅರ್ಧವೂ ಇಲ್ಲ.

ಇದಕ್ಕೆ ಕಾರಣಗಳಿಲ್ಲವೆಂದು ನಾವು ಹೇಳುವದಿಲ್ಲ. ಕಾಯಂ ಆದವರು ನೇಮಕಾತಿಯ ಪರೀಕ್ಷೆಯನ್ನು ಗೆದ್ದು ಬಂದವರು. ಜನಗಣತಿ, ಚುನಾವಣೆಗಳ ಭಾರವನ್ನೂ ಹೊರುವವರು. ಇದಕ್ಕಾಗಿ ಸ್ವಲ್ಪ ಅಂತರವಿರಲಿ. ಆದರೆ ಗಂಟೆ ಅದೇ, ಹಲಗೆ ಅದೇ, ಮಗುವೂ ಅದೇ ಆಗಿರುವಾಗ ೭೧ರ ಅಂತರವನ್ನು ಅವಳ ಮುಖ ನೋಡಿ ಯಾರು ಸಮರ್ಥಿಸಬಲ್ಲರು? ಪಂಜಾಬ ರಾಜ್ಯ ಮತ್ತು ಜಗಜಿತ್ ಸಿಂಗ್ ಎಂಬ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ೨೦೧೬ರಲ್ಲಿ, ಕಾಯಂ ನೌಕರರ ಕೆಲಸವನ್ನೇ ಮಾಡುವ ತಾತ್ಕಾಲಿಕ ನೌಕರರಿಗೆ ಆ ಶ್ರೇಣಿಯ ಕನಿಷ್ಠ ವೇತನವಾದರೂ ಸಲ್ಲಬೇಕೆಂದು ತೀರ್ಪಿತ್ತಿತು. ನಮ್ಮ ಏಣಿಗೂ ಆ ತತ್ತ್ವವೇ ಆಧಾರವಾಗಲಿ.

ಖಜಾನೆಯು ಇದನ್ನು ತಾಳುವದೇ ಎಂದು ಕೇಳುವುದು ಯೋಗ್ಯವೇ. ಆದುದರಿಂದ ಮೂರು ವರ್ಷಗಳಲ್ಲಿ ಏರುವ ಕ್ರಮವನ್ನು ಸೂಚಿಸುವೆವು: ಮೊದಲು ೫೦, ಆಮೇಲೆ ೭೫, ಕಡೆಗೆ ೧೦೦ಕ್ಕೆ ಸಮೀಪ. ಪ್ರಾಥಮಿಕ ಶಾಲೆಯಲ್ಲಿ ೫೦ ಎಂದರೆ ೨೦,೬೫೦ ರೂಪಾಯಿ. ಒಬ್ಬಳಿಗೆ ತಿಂಗಳಿಗೆ ೮,೬೫೦ ಹೆಚ್ಚು. ಹತ್ತು ತಿಂಗಳಿಗೆ ೮೬,೫೦೦. ಇದು ಸಣ್ಣ ಮೊತ್ತವಲ್ಲ. ಆದರೆ ಕೊಡದೆ ಉಳಿಸಿದ ಹಣವೂ ಪುಕ್ಕಟೆಯಾದುದಲ್ಲ. ಹನ್ನೆರಡು ಸಾವಿರಕ್ಕೆ ದುಡಿಯುವವಳು ಬೇರೆ ಕೆಲಸ ಸಿಕ್ಕ ದಿನವೇ ಹೋಗುವಳು. ಮಕ್ಕಳು ಜೂನ ತಿಂಗಳಲ್ಲಿ ಮತ್ತೊಂದು ಹೊಸ ಮುಖವನ್ನು ನೋಡುವರು. ಆ ವೆಚ್ಚವನ್ನು ತೆರುವವರು ಹಳ್ಳಿಯ ಮಕ್ಕಳೇ.

ವಾಚಕರ ಅಭ್ಯಾಸಕ್ಕಾಗಿ ಮೂರು ಪ್ರಶ್ನೆಗಳನ್ನಿಟ್ಟು ಈ ಪಾಠವನ್ನು ಮುಗಿಸುವೆವು. ಒಂದು: ನಿಮ್ಮ ಊರಿನ ಶಾಲೆಯಲ್ಲಿ ಒಂದೇ ಕೆಲಸಕ್ಕೆ ಎಷ್ಟು ಬಗೆಯ ಸಂಬಳಗಳಿವೆ? ಎರಡು: ಅವುಗಳ ನಡುವಿನ ಅಂತರಗಳಿಗೆ ಕಾರಣವೇನು? ಮೂರು: ಆ ಕಾರಣವನ್ನು ಕಡಿಮೆ ಪಡೆಯುವವಳಿಗೆ ನೀವೇ ಹೇಳಬೇಕಾಗಿ ಬಂದರೆ ಯಾವ ಮಾತಿನಲ್ಲಿ ಹೇಳುವಿರಿ? ಮೂರನೆಯದಕ್ಕೆ ಉತ್ತರ ತೋಚದಿದ್ದರೆ, ತಿದ್ದಬೇಕಾದುದು ಶ್ರೇಣಿಯೆಂದು ತಿಳಿಯತಕ್ಕದ್ದು.