ಕೈಗೊಗ್ಗುವ ಕ್ಯಾಮೆರಾ ಆರಿಸುವುದು ಹೇಗೆ?

ಕ್ಯಾಮೆರಾ ಕೊಳ್ಳಲು ಹೊರಟವರು ಮೊದಲು ಕೇಳುವುದು ಮೆಗಾಪಿಕ್ಸೆಲ್ ಎಷ್ಟು ಅಂತ, ಆಮೇಲೆ ಬೆಲೆ. ಹಿಡಿದರೆ ಹೇಗಿರುತ್ತದೆ ಎಂಬ ಪ್ರಶ್ನೆ ಏಳುವುದು ದುಡ್ಡು ತೆತ್ತು ಮನೆಗೆ ತಂದ ಮೇಲೆ. ಮದುವೆ ಮನೆಯಲ್ಲಿ ಮುಹೂರ್ತದಿಂದ ಊಟದ ಪಂಕ್ತಿಯವರೆಗೆ ಹಿಡಿದು ಓಡಾಡಿದಾಗ ಹೆಬ್ಬೆರಳಿನ ಬುಡ ನೋಯತೊಡಗುತ್ತದೆ, ಕಿರುಬೆರಳಿಗೆ ಊರಲು ಜಾಗವೇ ಇಲ್ಲ ಎನ್ನುವುದು ಆಗ ಗೊತ್ತಾಗುತ್ತದೆ. ಹೀಗೆ ಬೀರು ಸೇರಿದ ಕ್ಯಾಮೆರಾಗಳು ಒಂದೆರಡಲ್ಲ. ಇವತ್ತು ಹೆಸರಾಂತ ಕಂಪನಿಗಳ ಯಾವ ಮಾದರಿ ಕೊಂಡರೂ ಚಿತ್ರದ ಗುಣಮಟ್ಟಕ್ಕೆ ಮೋಸವಿಲ್ಲ. ಆದ್ದರಿಂದ ಒಂದೇ ಬೆಲೆಯ ಮೂರು ಮಾದರಿ ಎದುರಿಗಿದ್ದಾಗ ಕೊನೆಯ ಮಾತು ಕೈಯದೇ ಆಗಲಿ. ಒಂದು ಎಚ್ಚರ ಮಾತ್ರ ಬೇಕು: ಹಗುರವಾದದ್ದೆಲ್ಲ ಕೈಗೆ ಹಿತವಾಗಿರುತ್ತದೆ ಎಂದುಕೊಂಡು ಹೋಗಬೇಡಿ.

ಮೊದಲು ಮನೆಯಲ್ಲೇ ತೂಕದ ಲೆಕ್ಕ

ಅಂಗಡಿಗೆ ಹೋಗುವ ಮುನ್ನ ಎರಡು ಸಂಖ್ಯೆ ಬರೆದುಕೊಳ್ಳಿ. ಒಂದು ಬಾಡಿಯ ತೂಕ, ಇನ್ನೊಂದು ಅದಕ್ಕೆ ನೀವು ಹೆಚ್ಚು ಹೊತ್ತು ಹಾಕಿರುವ ಲೆನ್ಸಿನ ತೂಕ. ಬಾಡಿಯ ತೂಕವನ್ನು ಕೆಲವು ಕಡೆ ಬ್ಯಾಟರಿ, ಮೆಮೊರಿ ಕಾರ್ಡ್ ಸೇರಿಸಿ ಹೇಳಿರುತ್ತಾರೆ, ಕೆಲವು ಕಡೆ ಬರೀ ಬಾಡಿಯದ್ದು. ನಿಕಾನ್ ಡಿ7500 ಬರೀ ಬಾಡಿ 640 ಗ್ರಾಂ, ಬ್ಯಾಟರಿ-ಕಾರ್ಡ್ ಸೇರಿದರೆ 720. ಹೋಲಿಸುವಾಗ ಎರಡೂ ಕಡೆ ಒಂದೇ ಲೆಕ್ಕ ಹಿಡಿಯಿರಿ.

ಕ್ಯಾನನ್ ಆರ್50 ಬ್ಯಾಟರಿ ಸಮೇತ ಸುಮಾರು 375 ಗ್ರಾಂ. ಜೊತೆಗೆ ಬರುವ 18-45 ಲೆನ್ಸ್ 130 ಗ್ರಾಂ. ಎರಡೂ ಸೇರಿ ಅರ್ಧ ಕೆ.ಜಿ. ಸೋನಿ ಎ7 ಸರಣಿಯ ನಾಲ್ಕನೇ ಮಾದರಿ 658 ಗ್ರಾಂ. ಮದುವೆ ಛಾಯಾಗ್ರಾಹಕರು ಮೆಚ್ಚುವ 24-70 ಜಿ ಮಾಸ್ಟರ್ ಲೆನ್ಸಿನ ಎರಡನೇ ಆವೃತ್ತಿ 695 ಗ್ರಾಂ. ಅಲ್ಲಿಗೆ 1.35 ಕೆ.ಜಿ. ಅದೇ ಬಾಡಿಗೆ ಹಕ್ಕಿ ತೆಗೆಯುವ 200-600 ಹಾಕಿದಿರೋ, ಲೆನ್ಸೊಂದೇ 2.1 ಕೆ.ಜಿ., ಒಟ್ಟು ಎರಡೂಮುಕ್ಕಾಲು ದಾಟುತ್ತದೆ.

ಬಾಡಿಯಲ್ಲಿ ನೂರು ಗ್ರಾಂ ಉಳಿಸಲು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು. ಭಾರವೆಲ್ಲ ಇರುವುದು ಲೆನ್ಸಿನಲ್ಲಿ. ಇಳಿಸಬೇಕಿದ್ದರೆ ಅಲ್ಲೇ ಇಳಿಸಿ. ಕ್ಯಾನನ್‌ನ ಆರ್‌ಎಫ್ 100-400 ಲೆನ್ಸ್ ಬರೀ 635 ಗ್ರಾಂ. 400ಕ್ಕೆ ಜೂಮ್ ಮಾಡಿದಾಗ ಅದರ ಅಪರ್ಚರ್ ಎಫ್8ಕ್ಕಿಂತ ಹೆಚ್ಚು ತೆರೆಯುವುದಿಲ್ಲ, ಮಬ್ಬುಗತ್ತಲ ಕಾಡಿನಲ್ಲಿ ಕೊರತೆ ಕಂಡೇ ಕಾಣುತ್ತದೆ. ಆದರೆ ಎಳೆಬಿಸಿಲಿನಲ್ಲಿ ಕೆರೆ ಏರಿಯ ಮೇಲೆ ಎರಡು ಗಂಟೆ ನಡೆಯುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಗ್ರಿಪ್ ಎಂಬ ಉಬ್ಬು

ಕ್ಯಾಮೆರಾದ ಬಲಬದಿಯಲ್ಲಿ ಮುಂದಕ್ಕೆ ಉಬ್ಬಿರುವ ಭಾಗವೇ ಗ್ರಿಪ್. ಹಿಂದೆ ಇದು ಇರಲೇ ಇಲ್ಲ. ಅಸ್ತಮಾ ಇದ್ದ ವಿನ್ಯಾಸಕ ಆಸ್ಕರ್ ಬರ್ನಾಕ್‌ಗೆ ಭಾರದ ಪ್ಲೇಟ್ ಕ್ಯಾಮೆರಾ ಹೊತ್ತು ತಿರುಗುವುದು ಕಷ್ಟವಾಗಿತ್ತು. ಅವರು ಕೈಹಿಡಿಯಷ್ಟು ಸಣ್ಣ ಯಂತ್ರ ರೂಪಿಸಿದರು, ಅದೇ 1925ರಲ್ಲಿ ಲೈಕಾ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಅದೂ ಚಪ್ಪಟೆ, 1959ರ ನಿಕಾನ್ ಎಫ್ ಕೂಡ ಚಪ್ಪಟೆ. 1980ರ ನಿಕಾನ್ ಎಫ್3ಕ್ಕೆ ಕಾರುಗಳ ವಿನ್ಯಾಸಕ ಜುಜಾರೊ ಒಂದು ಸಣ್ಣ ಉಬ್ಬು ಕೊಟ್ಟರು. 1986ರಲ್ಲಿ ಬಂದ ಕ್ಯಾನನ್ ಟಿ90 ಮೂಲೆಗಳನ್ನೆಲ್ಲ ನುಣುಪಾಗಿಸಿಕೊಂಡು ಅಂಗೈಗೆ ತಕ್ಕಂತೆ ಬಾಗಿತು. ಈಗಿನ ಕ್ಯಾಮೆರಾಗಳು ಹೆಚ್ಚುಕಡಿಮೆ ಅದರ ವಂಶದವೇ.

ಡಿಜಿಟಲ್ ಕಾಲದಲ್ಲಿ ಸಾಮಾನ್ಯವಾಗಿ ಬ್ಯಾಟರಿ ಕೂರುವುದು ಈ ಉಬ್ಬಿನೊಳಗೆ. ಬ್ಯಾಟರಿ ಸಣ್ಣದಾದರೆ ಗ್ರಿಪ್ಪೂ ತೆಳು. ಸೋನಿ ಎ6400 ಕ್ಯಾಮೆರಾದ ತೂಕ 403 ಗ್ರಾಂ, ಬ್ಯಾಟರಿ ಹಳೆಯ ಸಣ್ಣದು. ಎ6700 ಬಂದಾಗ ದೊಡ್ಡ ಬ್ಯಾಟರಿ ಕೂರಿಸಿದರು, ಗ್ರಿಪ್ ಆಳವಾಯಿತು, ತೂಕ 493 ಗ್ರಾಂ ಆಯಿತು. ಎರಡಕ್ಕೂ 625 ಗ್ರಾಂ ತೂಗುವ 70-350 ಲೆನ್ಸ್ ಹಾಕಿ ಹತ್ತು ನಿಮಿಷ ಹಿಡಿದು ನೋಡಿ. ತೊಂಬತ್ತು ಗ್ರಾಂ ಜಾಸ್ತಿ ಇರುವುದೇ ಬೆರಳಿಗೆ ಹಗುರ ಅನ್ನಿಸುತ್ತದೆ. ಬಕೆಟ್ಟಿನ ಹಿಡಿಕೆಯ ಪ್ಲಾಸ್ಟಿಕ್ ಕಳಚಿ ಬರೀ ತಂತಿ ಉಳಿದಾಗ, ನೀರು ಅಷ್ಟೇ ಇದ್ದರೂ ಬೆರಳು ಕತ್ತರಿಸಿ ಹೋದಂತಾಗುವುದಿಲ್ಲವೇ, ಹಾಗೆ.

ಅಂಗಡಿಯಲ್ಲಿ ಏನು ಮಾಡಬೇಕು?

ಗಿರಾಕಿ ಕಡಿಮೆ ಇರುವ ಹೊತ್ತು ನೋಡಿ ಹೋಗಿ. ಪ್ರದರ್ಶನಕ್ಕಿಟ್ಟ ಕ್ಯಾಮೆರಾಕ್ಕೆ ಕಳವು ತಡೆಯುವ ತಂತಿ ಕಟ್ಟಿರುತ್ತಾರೆ, ಒಳಗೆ ಬ್ಯಾಟರಿಯೂ ಇಲ್ಲದಿರಬಹುದು. ತಂತಿ ಬಿಚ್ಚಿಸಿ, ಬ್ಯಾಟರಿ ಹಾಕಿಸಿ, ನೀವು ಬಳಸಲಿರುವ ಲೆನ್ಸನ್ನೇ ಕೂರಿಸಿ ಕೊಡಲು ಕೇಳಿ. ಸಂಕೋಚ ಬೇಡ, ನೀವು ಕೊಡುತ್ತಿರುವುದು ಸಣ್ಣ ಮೊತ್ತವೇನಲ್ಲ.

ಮೊದಲು ಬಲಗೈಯೊಂದರಲ್ಲೇ ಹಿಡಿಯಿರಿ. ನಡುಬೆರಳು, ಉಂಗುರ ಬೆರಳು, ಕಿರುಬೆರಳು ಮೂರೂ ಗ್ರಿಪ್ಪಿನ ಮೇಲೆ ಕೂರಬೇಕು. ದೊಡ್ಡ ಅಂಗೈಯವರಿಗೆ ಸಣ್ಣ ಬಾಡಿಗಳಲ್ಲಿ ಕಿರುಬೆರಳು ತಳದಿಂದ ಜಾರಿ ಹೊರಗುಳಿಯುತ್ತದೆ. ಅದನ್ನು ತಳದ ಕೆಳಗೆ ಮಡಿಸಿಟ್ಟು ಆಸರೆ ಕೊಡುವವರಿದ್ದಾರೆ, ಅರ್ಧ ಗಂಟೆಗೆ ಅದೂ ಸೋಲುತ್ತದೆ. ಈಗ ಗ್ರಿಪ್ಪಿಗೂ ಲೆನ್ಸಿಗೂ ನಡುವಿನ ಸಂದು ನೋಡಿ. ಬೆರಳ ಗೆಣ್ಣು ಲೆನ್ಸಿಗೆ ಒತ್ತುತ್ತಿದ್ದರೆ ಆ ಕ್ಯಾಮೆರಾ ಅಲ್ಲಿಗೇ ಬಿಡಿ. ಸಣ್ಣ ಲೆನ್ಸಿನಲ್ಲಿ ಗೊತ್ತಾಗದ ಈ ತೊಂದರೆ ದಪ್ಪ ಲೆನ್ಸ್ ಹಾಕಿದೊಡನೆ ಬಯಲಾಗುತ್ತದೆ. ಬೆರಳಿಗೆ ಉಂಗುರ ಹಾಕುವ ಅಭ್ಯಾಸವಿದ್ದರೆ ಹಾಕಿಕೊಂಡೇ ಪರೀಕ್ಷಿಸಿ. ಗ್ರಿಪ್ಪಿಗೂ ಬೆರಳಿಗೂ ನಡುವೆ ಸಿಕ್ಕಿಕೊಂಡ ಉಂಗುರ ಕೊಡುವ ನೋವನ್ನು ಯಾವ ವಿಮರ್ಶಕರೂ ಬರೆಯುವುದಿಲ್ಲ. ಬಹುಶಃ ಅವರಲ್ಲಿ ಉಂಗುರ ಹಾಕುವವರು ಕಡಿಮೆ.

ಹಾಗೇ ಕೈಯನ್ನು ತೊಡೆಯ ಪಕ್ಕಕ್ಕೆ ಇಳಿಬಿಡಿ. ಬಿಗಿಯಾಗಿ ಹಿಂಡದಿದ್ದರೂ ಕ್ಯಾಮೆರಾ ಬೆರಳುಗಳಲ್ಲಿ ನೇತಾಡಿಕೊಂಡಿರಬೇಕು. ಜಾರುತ್ತದೆ ಎನ್ನಿಸಿ ಹೆಬ್ಬೆರಳು ಒತ್ತಿ ಹಿಡಿಯುತ್ತಿದೆಯೇ? ಹಾಗಿದ್ದರೆ ಹಿಂಬದಿಯಲ್ಲಿ ಹೆಬ್ಬೆರಳಿಗೆ ಕೊಟ್ಟಿರುವ ಆಸರೆ ನಿಮ್ಮ ಕೈಗೆ ಸಾಲದು. ದಿನದ ಕೊನೆಗೆ ಹೆಬ್ಬೆರಳಿನ ಬುಡ ನೋಯುವುದು ಇದರಿಂದಲೇ. ಕರಾವಳಿಯವರು ಇನ್ನೊಂದನ್ನೂ ಗಮನಿಸಿ: ನುಣುಪು ಹೊದಿಕೆಯ ಗ್ರಿಪ್ ಎ.ಸಿ. ಅಂಗಡಿಯಲ್ಲಿ ಚೆನ್ನಾಗಿರುತ್ತದೆ, ಉಡುಪಿ ರಥಬೀದಿಯ ಬೆವರಿಗೆ ಒರಟು ರಬ್ಬರೇ ಬೇಕು.

ಈಗ ಕಣ್ಣು ಮುಚ್ಚಿ. ತೋರುಬೆರಳು ಚಾಚದೆ, ಬಾಗದೆ ತಾನಾಗಿ ಶಟರ್ ಬಟನ್ ಮೇಲೆ ಬೀಳುತ್ತದೆಯೇ? ಮುಂದಿನ ಡಯಲ್, ಹಿಂದಿನ ಡಯಲ್, ಐಎಸ್ಒ, ಫೋಕಸ್ ಬಟನ್, ಒಂದೊಂದನ್ನೇ ತಡವಿ ಹುಡುಕಿ. ಹೊಸ ಕ್ಯಾಮೆರಾದಲ್ಲಿ ಮೊದಲು ತಪ್ಪುವುದು ಸಹಜ. ಐದಾರು ಸಲದ ನಂತರವೂ ಹಿಡಿತ ಸಡಿಲಿಸದೆ ಬೆರಳು ತಲುಪದಿದ್ದರೆ ಅದು ಅಭ್ಯಾಸದ ಮಾತಲ್ಲ, ಅಳತೆಯ ಮಾತು. ಸಣ್ಣ ಕೈಯವರಿಗೆ ದೊಡ್ಡ ಬಾಡಿಗಳಲ್ಲಿ ಹೀಗಾಗುತ್ತದೆ. "ಕೊಂಡುಕೊಳ್ಳಿ, ರೂಢಿಯಾಗುತ್ತದೆ" ಎನ್ನುವ ಸಲಹೆ ಹೆಚ್ಚಾಗಿ ಅಗಲ ಅಂಗೈಯ ಗಂಡಸರಿಂದ ಬರುತ್ತದೆ, ಅದನ್ನು ನಂಬಬೇಡಿ.

ಎಡಗೈ ಲೆನ್ಸಿನ ತಳದಲ್ಲಿ ಅಂಗೈ ಮೇಲಾಗಿ ಇರಲಿ, ಮೊಣಕೈಗಳು ಎದೆಗೆ ಒತ್ತಿರಲಿ. ಭಾರ ಹೊರಬೇಕಾದದ್ದು ಈ ಕೈ. ಜೂಮ್ ರಿಂಗ್ ತಿರುಗಿಸುವಾಗ ಅಂಗೈ ಜಾಗ ಬದಲಿಸಬೇಕಾಗುತ್ತದೆಯೇ ನೋಡಿಕೊಳ್ಳಿ. ನಿಕಾನ್ ಮತ್ತು ಕ್ಯಾನನ್ ರಿಂಗುಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಹತ್ತು ವರ್ಷ ಒಂದನ್ನು ಬಳಸಿ ಇನ್ನೊಂದಕ್ಕೆ ಹೋದವರ ಕೈ ಅವಸರದಲ್ಲಿ ಹಳೆಯ ದಿಕ್ಕಿಗೇ ಹೊರಳುತ್ತದೆ.

ಕೊನೆಯದಾಗಿ ಒಂದು ಸಣ್ಣ ಪ್ರಯೋಗ. ನಿಮ್ಮದೇ ಮೆಮೊರಿ ಕಾರ್ಡ್ ಒಯ್ಯಿರಿ. ಇಮೇಜ್ ಸ್ಟೆಬಿಲೈಸೇಶನ್ ಆಫ್ ಮಾಡಿ, ಶಟರ್ ವೇಗ ಸೆಕೆಂಡಿನ 30ನೇ ಒಂದು ಭಾಗಕ್ಕಿಟ್ಟು, ಜೂಮ್ ಸುಮಾರು 50 ಎಂ.ಎಂ.ಗೆ ತಂದು ಎದುರು ಗೋಡೆಯ ಬೋರ್ಡಿನ ಅಕ್ಷರಗಳನ್ನು ಹತ್ತು ಸಲ ಕ್ಲಿಕ್ಕಿಸಿ. ಮೂರೂ ಕ್ಯಾಮೆರಾಗಳಲ್ಲಿ ಹೀಗೆ ಮಾಡಿ ಮನೆಯಲ್ಲಿ ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿ ನೋಡಿ. ಯಾವುದರಲ್ಲಿ ಅಲುಗದ ಚಿತ್ರಗಳು ಹೆಚ್ಚಿವೆಯೋ ನಿಮ್ಮ ಕೈ ಅದನ್ನು ಒಪ್ಪಿದೆ ಎಂದರ್ಥ. ಸ್ಟೆಬಿಲೈಸೇಶನ್ ಆನ್ ಇದ್ದರೆ ಹಿಡಿತದ ದೋಷವನ್ನು ಅದು ಮುಚ್ಚಿಬಿಡುತ್ತದೆ.

ಎತ್ತಿ ಹಿಡಿದು ಕಾಯುವುದು

ಕ್ಲಿಕ್ಕಿಸುವುದು ಕ್ಷಣದ ಕೆಲಸ, ತೋಳು ಬಸವಳಿಯುವುದು ಕಾಯುವುದರಲ್ಲಿ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನಲ್ಲಿ ದೋಣಿಯಲ್ಲಿ ಕುಳಿತವರನ್ನು ನೋಡಿದರೆ ಇದು ಅರ್ಥವಾಗುತ್ತದೆ. ತೇಲಾಡುವ ದೋಣಿಯಲ್ಲಿ ಟ್ರೈಪಾಡ್ ಊರಿ ಪ್ರಯೋಜನವಿಲ್ಲ. ಅಂಬಿಗ ಬಂಡೆಯ ಹತ್ತಿರ ಹುಟ್ಟು ನಿಲ್ಲಿಸುತ್ತಾನೆ, ಬಣ್ಣದ ಕೊಕ್ಕರೆ ಗೂಡಿನ ಅಂಚಿಗೆ ಬಂದು ರೆಕ್ಕೆ ಕೆದರುತ್ತದೆ, ಈಗ ಹಾರೀತು ಎಂದು ಎಲ್ಲರೂ ಲೆನ್ಸ್ ಎತ್ತುತ್ತಾರೆ. ಕೊಕ್ಕರೆಗೆ ಅವಸರವಿಲ್ಲ. ಒಂದು ನಿಮಿಷ ಕಳೆಯುವಷ್ಟರಲ್ಲಿ ಎರಡೂವರೆ ಕೆ.ಜಿ. ಹಿಡಿದವರ ಲೆನ್ಸಿನ ಮೂತಿ ಕೆಳಗಿಳಿಯತೊಡಗುತ್ತದೆ, ಎರಡನೇ ನಿಮಿಷಕ್ಕೆ ಮೊಣಕೈ ಮಂಡಿಗೆ ಬರುತ್ತದೆ. ಅವರು ತೋಳು ಸವರಿಕೊಳ್ಳುವಾಗಲೇ ಹಕ್ಕಿ ಹಾರಿರುತ್ತದೆ. ಪಕ್ಕದಲ್ಲಿ ಒಂದು ಕೆ.ಜಿ. ಸೆಟ್ ಹಿಡಿದವರಿಗೆ ಚಿತ್ರ ಸಿಕ್ಕಿರುತ್ತದೆ.

ಆದ್ದರಿಂದ ಅಂಗಡಿಯಲ್ಲೇ ಗಡಿಯಾರ ನೋಡಿಕೊಂಡು ಎರಡು ನಿಮಿಷ ಕಣ್ಣಿಗೆ ಹಿಡಿದು ನಿಲ್ಲಿ, ಇಳಿಸಬೇಡಿ. ಮಣಿಕಟ್ಟು ಸೋತರೆ ಲೆನ್ಸ್ ಬಾಡಿಗಿಂತ ಬಹಳ ಭಾರವಾಗಿ ಮೂತಿ ಜಗ್ಗುತ್ತಿದೆ. ಭುಜ ಸೋತರೆ ಒಟ್ಟು ತೂಕವೇ ಹೆಚ್ಚು. ಜೂಮ್ ಮಾಡಿದಾಗ ಉದ್ದವಾಗುವ ಲೆನ್ಸ್‌ಗಳಲ್ಲಿ ಭಾರ ಮುಂದಕ್ಕೆ ಸರಿಯುತ್ತದೆ. ಸಿಗ್ಮಾ, ಟ್ಯಾಮ್ರಾನ್‌ಗಳ 150-600 ಈ ಬಗೆಯವು. ಸೋನಿಯ 200-600 ಒಳಗೊಳಗೇ ಜೂಮ್ ಆಗುವುದರಿಂದ ಅದರ ಉದ್ದ ಬದಲಾಗದು.

ಕ್ಯಾಮೆರಾವನ್ನು ಲಂಬವಾಗಿ ತಿರುಗಿಸಿಯೂ ನೋಡಿ. ವಧುವಿನ ಪೂರ್ಣ ಚಿತ್ರ, ಗೋಪುರ ಇವಕ್ಕೆಲ್ಲ ಹೀಗೇ ಹಿಡಿಯಬೇಕು. ಬಲಮೊಣಕೈ ಮೇಲೆದ್ದು ಮಣಿಕಟ್ಟು ತಿರುಚಿಕೊಳ್ಳುತ್ತದೆ. ಇಂಥ ಚಿತ್ರಗಳೇ ಹೆಚ್ಚಾಗಿದ್ದರೆ ಲಂಬವಾಗಿ ಹಿಡಿಯಲು ಎರಡನೇ ಹಿಡಿಕೆಯಾಗುವ ಬ್ಯಾಟರಿ ಗ್ರಿಪ್ ಕೆಳಗೆ ಜೋಡಿಸಲು ಬರುವ ಮಾದರಿಯನ್ನೇ ಆರಿಸಿ. ಸಣ್ಣ ಮಾದರಿಗಳು ಎಷ್ಟೋ ಈ ಸೌಲಭ್ಯವಿಲ್ಲದೆ ಬರುತ್ತವೆ.

ಕಣ್ಣು, ಕನ್ನಡಕ, ಮೂಗು

ಕನ್ನಡಕದವರು ಕನ್ನಡಕ ತೆಗೆಯದೆ ವ್ಯೂಫೈಂಡರ್‌ನಲ್ಲಿ ನೋಡಿ. ಚೌಕಟ್ಟಿನ ನಾಲ್ಕೂ ಮೂಲೆ ಒಂದೇ ನೋಟಕ್ಕೆ ಕಾಣಬೇಕು. ಕ್ಯಾಮೆರಾದ ವಿವರಪಟ್ಟಿಯಲ್ಲಿ ಐಪಾಯಿಂಟ್ ಎಂಬ ಸಂಖ್ಯೆ ಇರುತ್ತದೆ, ಕಣ್ಣು ಎಷ್ಟು ದೂರದವರೆಗೆ ಸರಿದರೂ ಪೂರ್ತಿ ಚೌಕಟ್ಟು ಕಾಣುತ್ತದೆ ಎಂಬುದರ ಅಳತೆ ಅದು. ನಿಕಾನ್ ಡಿ7500ರಲ್ಲಿ 18.5 ಎಂ.ಎಂ., ಮೇಲೆ ಹೇಳಿದ ಸೋನಿ ಎ7ರಲ್ಲಿ ಸುಮಾರು 23. ದಪ್ಪ ಗಾಜಿನವರಿಗೆ ಹೆಚ್ಚಿದ್ದಷ್ಟೂ ಒಳ್ಳೆಯದು. ವ್ಯೂಫೈಂಡರ್ ಪಕ್ಕದ ಡಯಾಪ್ಟರ್ ಚಕ್ರ ತಿರುಗಿಸಿದರೆ ಕೆಲವರು ಕನ್ನಡಕ ತೆಗೆದೂ ಸ್ಪಷ್ಟವಾಗಿ ನೋಡಬಹುದು. ಅದು ಸರಿಪಡಿಸುವುದು ಪವರ್ ಮಾತ್ರ, ಸಿಲಿಂಡರ್ ಇದ್ದವರಿಗೆ ಕನ್ನಡಕವೇ ಗತಿ.

ನೀವು ಎಡಗಣ್ಣಿನಲ್ಲಿ ನೋಡುವವರೇ? ಹಾಗಿದ್ದರೆ ಎ6400ರಂತೆ ವ್ಯೂಫೈಂಡರ್ ಎಡಮೂಲೆಯಲ್ಲಿರುವ ಕ್ಯಾಮೆರಾಗಳಲ್ಲಿ ಮೂಗು, ಕೆನ್ನೆ ಎಲ್ಲ ಹಿಂಬದಿಗೆ ಒತ್ತಿ ಹೆಬ್ಬೆರಳಿಗೆ ಜಾಗವೇ ಉಳಿಯುವುದಿಲ್ಲ. ನಡುವೆ ವ್ಯೂಫೈಂಡರ್ ಇರುವುದು ನಿಮಗೆ ಮೇಲು. ಮೂಗು ಟಚ್ ಸ್ಕ್ರೀನಿಗೆ ತಗುಲಿ ಫೋಕಸ್ ಬಿಂದು ತಾನಾಗಿ ಅತ್ತಿತ್ತ ಓಡುತ್ತಿದ್ದರೆ ಮೆನುವಿನಲ್ಲಿ ಟಚ್ ಪ್ಯಾಡ್ ಆಫ್ ಮಾಡಿದರಾಯಿತು.

ಕೊಂಡದ್ದಾಗಿದೆ, ಕೈಗೆ ಒಗ್ಗುತ್ತಿಲ್ಲ

ಮಾರುವ ಮುನ್ನ ಸಣ್ಣ ರಿಪೇರಿಗಳಿವೆ. ತಳಕ್ಕೆ ಸ್ಕ್ರೂ ಮಾಡುವ ಎಕ್ಸ್‌ಟೆನ್ಶನ್ ಗ್ರಿಪ್ ಕಿರುಬೆರಳಿಗೆ ಜಾಗ ಕೊಡುತ್ತದೆ. ಬೆರಳಿಗೆ ಎಟುಕದ ಬಟನ್ನಿನ ಕೆಲಸವನ್ನು ಮೆನುವಿನ ಮೂಲಕ ಎಟುಕುವ ಬಟನ್ನಿಗೆ ವರ್ಗಾಯಿಸಬಹುದು. ಕುತ್ತಿಗೆ ಪಟ್ಟಿಯ ಬದಲು ಭುಜದಿಂದ ಅಡ್ಡಲಾಗಿ ಬರುವ ಸ್ಲಿಂಗ್ ಹಾಕಿದರೆ ಕುತ್ತಿಗೆ ನೋವು ಗಣನೀಯವಾಗಿ ತಗ್ಗುತ್ತದೆ. ಅರ್ಧ ಕೆ.ಜಿ. ಒಳಗಿನದಕ್ಕೆ ಮಣಿಕಟ್ಟಿನ ಪಟ್ಟಿ ಸಾಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಗ್ರಿಪ್ಪಿನ ರಬ್ಬರನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಬೇಕು. ಅಂಟಂಟಾಗಿದ್ದರೆ, ಅಂಚು ಎದ್ದಿದ್ದರೆ, ಬಿಳಿಚಿದ್ದರೆ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ ಎಂದರೆ ಬಾಡಿಗೆಗೆ ತಂದು ನೋಡುವುದು. ಬೆಂಗಳೂರಿನಲ್ಲಿ ದಿನದ ಲೆಕ್ಕದಲ್ಲಿ ಕ್ಯಾಮೆರಾ, ಲೆನ್ಸ್ ಕೊಡುವವರಿದ್ದಾರೆ. ಶನಿವಾರ ತಂದು ಲಾಲ್‌ಬಾಗ್‌ಗೋ ನೆಂಟರ ನಾಮಕರಣಕ್ಕೋ ಒಯ್ದು, ಒಂದು ದಿನ ಪೂರ್ತಿ ಕೈಯಿಂದ ಕೆಳಗಿಡದೆ ಬಳಸಿ. ಗುರುತಿನ ಚೀಟಿಯ ಪ್ರತಿ, ಕೆಲವೊಮ್ಮೆ ಠೇವಣಿ ಕೇಳುತ್ತಾರೆ. ಪಡೆಯುವಾಗಲೇ ಹಳೆಯ ಗೀರುಗಳನ್ನು ಅವರೆದುರು ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ, ಹಿಂದಿರುಗಿಸುವಾಗ ವಾದಕ್ಕೆ ಎಡೆಯಿರುವುದಿಲ್ಲ.